ಪಿಎಚ್‌ಡಿ ಮುಗಿದ ಮೇಲೆ ಯಾರು ಉಳಿಯುತ್ತಾರೆ? ಪೋಸ್ಟ್‌ಡಾಕ್ ಫೆಲೋಶಿಪ್ ಹಣದ ಒಳಲೆಕ್ಕ

ಪರಿಶಿಷ್ಟ ಜಾತಿಯ ಸಂಶೋಧನಾ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ವರ್ಷಕ್ಕೆ 2,000 ಫೆಲೋಶಿಪ್ ಇಟ್ಟಿದೆ. ಪರಿಶಿಷ್ಟ ಪಂಗಡದವರಿಗೆ 750. ಎರಡೂ ಸೇರಿದರೆ 2,750. ಇದು ಪಿಎಚ್‌ಡಿ ಮಾಡುವ ಹಂತದ ಲೆಕ್ಕ. ಅದೇ ಹುಡುಗ ಹುಡುಗಿಯರು ಪಿಎಚ್‌ಡಿ ಮುಗಿಸಿ ಮುಂದಿನ ಹೆಜ್ಜೆ ಇಡುವಾಗ, ಅವರಿಗೆಂದೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಬಹಳ ವರ್ಷ ನಡೆಸಿಕೊಂಡು ಬಂದ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ನಲ್ಲಿ ಇದ್ದ ಸೀಟು ವರ್ಷಕ್ಕೆ 100. ಎರಡೂ ವರ್ಗಕ್ಕೆ ಸೇರಿ.

ಪಿಎಚ್‌ಡಿ ಮಾಡಿದವರೆಲ್ಲ ಪೋಸ್ಟ್‌ಡಾಕ್ ಮಾಡಲೇಬೇಕು ಅಂತ ಏನಿಲ್ಲ. ಕೆಲವರು ಕಾಲೇಜಿಗೆ ಸೇರುತ್ತಾರೆ, ಕೆಲವರು ಕಂಪನಿಗೆ ಹೋಗುತ್ತಾರೆ. ಎಲ್ಲರಿಗೂ ತೆರೆದಿರುವ ಬೇರೆ ಫೆಲೋಶಿಪ್‌ಗಳೂ ಇವೆ. ಆದರೂ 2,750 ಮತ್ತು 100 ಅನ್ನುವ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಸಂಶೋಧನೆಯ ಬಾಗಿಲಿಗೆ ಜನರನ್ನು ಕರೆತರಲು ನಾವು ಸಾಕಷ್ಟು ಯೋಚನೆ ಮಾಡಿದ್ದೇವೆ. ಒಳಗೆ ಬಂದವರು ಅಲ್ಲೇ ಉಳಿಯುವುದು ಹೇಗೆ ಅಂತ ಅಷ್ಟು ಯೋಚಿಸಿಲ್ಲ.

ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿಗೂ ಪ್ರೊಫೆಸರ್ ಹುದ್ದೆಗೂ ನಡುವಿನ ಎರಡು, ಮೂರು, ಕೆಲವೊಮ್ಮೆ ಐದು ವರ್ಷ. ಬೇರೊಬ್ಬ ವಿಜ್ಞಾನಿಯ ಲ್ಯಾಬಿನಲ್ಲೋ ವಿಭಾಗದಲ್ಲೋ ಕೂತು ಸ್ವಂತ ಕೆಲಸ ಕಟ್ಟಿಕೊಳ್ಳುವ ಕಾಲ. ಒಳ್ಳೆಯ ಪ್ರಬಂಧಗಳು ಬರುವುದು ಇಲ್ಲೇ, ಮುಂದೆ ಶಿಫಾರಸು ಪತ್ರ ಬರೆಯುವವರು ಪರಿಚಯ ಆಗುವುದೂ ಇಲ್ಲೇ. ಐಐಎಸ್‌ಸಿ, ಐಐಟಿ, ಐಸರ್‌ನಂಥ ಕೇಂದ್ರದ ವಿಜ್ಞಾನ ಸಂಸ್ಥೆಗಳಲ್ಲಿ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರೆ ಮೊದಲು ನೋಡುವುದೇ ಈ ವರ್ಷಗಳಲ್ಲಿ ಏನು ಮಾಡಿದಿರಿ ಅಂತ. ಕಾಯಂ ಕೆಲಸವಲ್ಲ, ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಸುಮಾರು 30ರಿಂದ 37ರ ವಯಸ್ಸು. ಮನೆಯಲ್ಲಿ ಮದುವೆ, ಮಕ್ಕಳು, ತಂದೆ ತಾಯಿಯ ಆರೋಗ್ಯ, ಸಾಲದ ಕಂತು ಎಲ್ಲ ಒಟ್ಟಿಗೆ ಬರುವ ವಯಸ್ಸು ಅದು.

ಈಗ ಯಾರು ಉಳಿದಿದ್ದಾರೆ ನೋಡಿ. ದೇಶದ ಐದು ಮುಂಚೂಣಿ ಐಐಟಿಗಳಲ್ಲಿ ಪ್ರೊಫೆಸರ್‌ಗಳ ಪೈಕಿ ಶೇ 98 ಮಂದಿ ಮೇಲ್ಜಾತಿಯವರು ಎಂದು ‘ನೇಚರ್’ ಪತ್ರಿಕೆ 2023ರ ಜನವರಿಯಲ್ಲಿ ವರದಿ ಮಾಡಿತು. ಕೇಂದ್ರದ ಹುದ್ದೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 7.5, ಹಿಂದುಳಿದ ವರ್ಗಕ್ಕೆ ಶೇ 27 ಮೀಸಲಾತಿ ಇರುವ ದೇಶ ಇದು. ಹೆಣ್ಣುಮಕ್ಕಳ ಕಥೆ ಸ್ವಲ್ಪ ಬೇರೆ. 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಪಿಎಚ್‌ಡಿಗೆ ನೋಂದಾಯಿಸಿದ ಸುಮಾರು 2.12 ಲಕ್ಷ ಜನರಲ್ಲಿ ಹತ್ತಿರ ಹತ್ತಿರ 99 ಸಾವಿರ ಮಂದಿ ಹೆಣ್ಣುಮಕ್ಕಳು. ಇದು ಎಲ್ಲ ವಿಷಯಗಳ ಒಟ್ಟು ಲೆಕ್ಕ. ವಿಜ್ಞಾನ, ತಂತ್ರಜ್ಞಾನ ವಿಭಾಗಗಳ ಪ್ರಾಧ್ಯಾಪಕರನ್ನು ಎಣಿಸಿದ ಬಯಾಸ್‌ವಾಚ್‌ಇಂಡಿಯಾ ತಂಡಕ್ಕೆ ಸಿಕ್ಕ ಹೆಣ್ಣುಮಕ್ಕಳ ಪಾಲು ಶೇ 16–17ರ ಆಸುಪಾಸು. ಎರಡು ಲೆಕ್ಕಗಳ ತಳಹದಿ ಬೇರೆ ಬೇರೆ, ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡ ಕುಸಿತವನ್ನು ಆ ವ್ಯತ್ಯಾಸ ಒಂದೇ ವಿವರಿಸುವುದಿಲ್ಲ. ಆ ಕುಸಿತದ ಒಂದು ಭಾಗ ಪೋಸ್ಟ್‌ಡಾಕ್ ವರ್ಷಗಳಲ್ಲಿ ಆಗುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ‘ಫೆಲೋಶಿಪ್ ಮೊತ್ತ ಜಾಸ್ತಿ ಮಾಡಿ’ ಅಂತ. ಮಾಡಲೇಬೇಕು. ಆದರೆ ನಾನು ನೋಡಿದ ಮಟ್ಟಿಗೆ ಜನ ಬಿಟ್ಟುಹೋಗುವುದು ಮೊತ್ತ ಕಡಿಮೆ ಆಯ್ತು ಅಂತ ಮಾತ್ರ ಅಲ್ಲ. ಒಂದು ಹಣ ನಿಂತು ಇನ್ನೊಂದು ಹಣ ಬರುವ ತನಕ ಇರುವ ಖಾಲಿ ತಿಂಗಳುಗಳು ಅವರನ್ನು ಹೊರಗೆ ಹಾಕುತ್ತವೆ. ಆ ತಿಂಗಳುಗಳಲ್ಲಿ ಮನೆಯವರು ಸಾಕಬಲ್ಲವರು ಉಳಿಯುತ್ತಾರೆ. ಯಾರಿಗಾಗಿ ಈ ಫೆಲೋಶಿಪ್ ಮಾಡಿದ್ದೇವೋ ಅವರ ಮನೆಯಲ್ಲಿ ಆ ಉಳಿತಾಯವೇ ಇರುವುದಿಲ್ಲ.

ಮೊತ್ತದೊಳಗೆ ಏನೇನಿದೆ

ಮೊದಲು ಹಣದ ಲೆಕ್ಕ ಬಿಡಿಸೋಣ. ಪೋಸ್ಟ್‌ಡಾಕ್‌ಗೆ ಕೇಂದ್ರ ಸರ್ಕಾರ ಬಳಸುವ ಅಳತೆಗೋಲು ‘ರಿಸರ್ಚ್ ಅಸೋಸಿಯೇಟ್’ ದರ. 2019ರ ಜನವರಿಯಲ್ಲಿ ಇದು ತಿಂಗಳಿಗೆ 47,000 ರೂಪಾಯಿಯಿಂದ ಶುರುವಾಗುತ್ತಿತ್ತು. ದೇಶದ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಿದ ಮೇಲೆ, ನಾಲ್ಕು ವರ್ಷ ಕಳೆದು, 2023ರ ಜೂನ್‌ನಲ್ಲಿ ಪರಿಷ್ಕರಣೆ ಆಯಿತು. ಈಗ ಮೂರು ಹಂತ: 58,000, 61,000, 67,000. ಯಾವ ಹಂತ ಅನ್ನುವುದು ಅನುಭವದ ಮೇಲೆ ನಿರ್ಧಾರವಾಗುತ್ತದೆ.

ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಊರಿನ ವರ್ಗ ನೋಡಿ ಕೊಡುತ್ತಾರೆ. ಬೆಂಗಳೂರು ‘ಎಕ್ಸ್’ ಊರು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ‘ವೈ’. ಉಳಿದವೆಲ್ಲ ‘ಜೆಡ್’. ಎಕ್ಸ್ ಊರಿಗೆ ಶೇ 30ರ ದರ ಹಿಡಿದರೆ 58,000ಕ್ಕೆ 17,400 ರೂಪಾಯಿ ಸೇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಬೆಂಗಳೂರಿನಲ್ಲಿ ಒಂದು ಸಣ್ಣ ಮನೆ ಹಿಡಿಯಲು ಮೊದಲ ದಿನವೇ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಅಂತ ಕೊಡಬೇಕು. ಆ ಅಡ್ವಾನ್ಸ್‌ಗೆ ಯಾವ ಫೆಲೋಶಿಪ್‌ನಲ್ಲೂ ಬಾಬತ್ತು ಇಲ್ಲ.

ಮೂರನೆಯದು ಕಂಟಿಂಜೆನ್ಸಿ. ರಾಸಾಯನಿಕ, ಪುಸ್ತಕ, ಕ್ಷೇತ್ರಕಾರ್ಯದ ಓಡಾಟ, ಸಮ್ಮೇಳನ ಎಲ್ಲ ಇದರಲ್ಲೇ. ಇದು ನಿಮ್ಮ ಕೈಗೆ ಬರುವ ಹಣವಲ್ಲ, ಲೆಕ್ಕ ಒಪ್ಪಿಸಬೇಕಾದ ಹಣ. ನಾಲ್ಕನೆಯದು ಓವರ್‌ಹೆಡ್. ಕಟ್ಟಡ, ಕರೆಂಟು, ಕಚೇರಿ ಅಂತ ಸಂಸ್ಥೆಗೆ ಆಗುವ ಖರ್ಚಿನ ಬಾಬ್ತು, ನೇರ ಸಂಸ್ಥೆಗೆ ಹೋಗುತ್ತದೆ. ಜಾಹೀರಾತಿನಲ್ಲಿ ‘ಇಷ್ಟು ಲಕ್ಷದ ಫೆಲೋಶಿಪ್’ ಅಂತ ಕಂಡಾಗ ಈ ನಾಲ್ಕನ್ನೂ ಕೂಡಿಸಿ ಹೇಳಿದ್ದಾರಾ, ಬಿಡಿಸಿ ಹೇಳಿದ್ದಾರಾ ಅಂತ ನೋಡಬೇಕು.

ಯೋಜನೆಗಳ ವಿಚಾರಕ್ಕೆ ಬಂದರೆ, ಎಲ್ಲರಿಗೂ ತೆರೆದದ್ದು ಮತ್ತು ನಿರ್ದಿಷ್ಟ ಗುಂಪಿಗೆ ಮೀಸಲಾದದ್ದು ಅಂತ ಎರಡು ಬಗೆ. ಯುಜಿಸಿ 2022ರ ಸೆಪ್ಟೆಂಬರ್ 5ರಂದು ಡಾ. ರಾಧಾಕೃಷ್ಣನ್ ಹೆಸರಿನಲ್ಲಿ ಪ್ರಕಟಿಸಿದ ಪೋಸ್ಟ್‌ಡಾಕ್ ಫೆಲೋಶಿಪ್ ಮೊದಲ ಬಗೆಯದು: 900 ಸೀಟು, ಅದರಲ್ಲಿ ಶೇ 30 ಹೆಣ್ಣುಮಕ್ಕಳಿಗೆ, ಶುರುವಿನಲ್ಲಿ ತಿಂಗಳಿಗೆ 50,000 ರೂಪಾಯಿ, ವರ್ಷಕ್ಕೆ 50,000 ಕಂಟಿಂಜೆನ್ಸಿ. ವಿಜ್ಞಾನದಲ್ಲಿ ಹೆಚ್ಚು ಜನ ಅರ್ಜಿ ಹಾಕುವುದು ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ. ಇದನ್ನು ಮೊದಲು ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ನಡೆಸುತ್ತಿತ್ತು, ಈಗ ಅದನ್ನು ನುಂಗಿಕೊಂಡ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ನಡೆಸುತ್ತದೆ. ಎರಡು ವರ್ಷದ ಫೆಲೋಶಿಪ್. ಎರಡನೆಯ ಬಗೆಗೆ ಮೇಲೆ ಹೇಳಿದ 100 ಸೀಟಿನ ಯೋಜನೆ ಒಂದು ಉದಾಹರಣೆ, ಹೆಣ್ಣುಮಕ್ಕಳಿಗೆಂದೇ ಇರುವ ಯೋಜನೆಗಳು ಇನ್ನೊಂದು. ಆ 100 ಸೀಟಿನ ಯೋಜನೆಯಲ್ಲಿ ಒಂದು ದೊಡ್ಡ ಒಳ್ಳೆಯ ಗುಣ ಇತ್ತು. ಅವಧಿ ಐದು ವರ್ಷ. ಎರಡು ವರ್ಷದ ಫೆಲೋಶಿಪ್‌ನಲ್ಲಿ ಸೇರಿದ ಮೊದಲ ಆರು ತಿಂಗಳು ಹೊಂದಿಕೊಳ್ಳುವುದರಲ್ಲಿ, ಕೊನೆಯ ಆರು ತಿಂಗಳು ಮುಂದಿನ ಕೆಲಸ ಹುಡುಕುವುದರಲ್ಲಿ ಹೋಗುತ್ತದೆ. ಐದು ವರ್ಷ ಇದ್ದರೆ ಒಬ್ಬರು ನೆಮ್ಮದಿಯಾಗಿ ಒಂದು ದೊಡ್ಡ ಪ್ರಶ್ನೆಯ ಹಿಂದೆ ಬೀಳಬಹುದು.

ವಯಸ್ಸಿನ ಗೆರೆ

ನ್ಯಾಷನಲ್ ಪೋಸ್ಟ್‌ಡಾಕ್‌ಗೆ ವಯಸ್ಸಿನ ಮಿತಿ 35. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. ಕಾಗದದಲ್ಲಿ ನ್ಯಾಯವಾಗಿಯೇ ಕಾಣುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ರಾಯಚೂರು ಜಿಲ್ಲೆಯ ಒಬ್ಬ ದಲಿತ ಹುಡುಗಿ. 21ಕ್ಕೆ ಬಿಎಸ್ಸಿ ಮುಗಿಯುತ್ತದೆ. ಮನೆಗೆ ದುಡ್ಡು ಬೇಕು, ಹಾಗಾಗಿ ಎರಡು ವರ್ಷ ಖಾಸಗಿ ಶಾಲೆಯಲ್ಲಿ ಪಾಠ. 25ಕ್ಕೆ ಎಂಎಸ್ಸಿ. ನೆಟ್ ಪಾಸಾಗಿ ಗೈಡ್ ಸಿಗುವ ಹೊತ್ತಿಗೆ 27. ಪಿಎಚ್‌ಡಿಗೆ ಆರು ವರ್ಷ, ಅಲ್ಲಿಗೆ 33. ಪ್ರಬಂಧ ಸಲ್ಲಿಸಿ, ಪರೀಕ್ಷಕರ ವರದಿ ಬಂದು, ವೈವಾ, ಅಂದರೆ ಮೌಖಿಕ ಪರೀಕ್ಷೆ, ಆಗುವಷ್ಟರಲ್ಲಿ 34. ಮದುವೆ, ಮಗು ಅಂತ ಎರಡು ವರ್ಷ ಹೋದರೆ 36. ಜಾತಿಯ ಕಾರಣಕ್ಕೆ ಆದ ತಡವೂ ಇದೆ, ಹೆಣ್ಣಾಗಿದ್ದಕ್ಕೆ ಆದ ತಡವೂ ಇದೆ. ಸಡಿಲಿಕೆ ಮಾತ್ರ ಒಂದೇ, ಐದು ವರ್ಷ. ಒಂದು ಸಲ ಅರ್ಜಿ ತಿರಸ್ಕಾರವಾಗಿ, ಮುಂದಿನ ಕರೆ ಬರುವುದು ಒಂದು ವರ್ಷ ತಡವಾದರೆ ಅವಳ ಕೈಯಲ್ಲಿ ಉಳಿಯುವುದು ಒಂದೋ ಎರಡೋ ಅವಕಾಶ.

ಇದರೊಳಗೆ ಇನ್ನೊಂದು ಸಣ್ಣ ಗಂಟು ಇದೆ. ಪ್ರಬಂಧ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ನ್ಯಾಷನಲ್ ಪೋಸ್ಟ್‌ಡಾಕ್‌ಗೆ ಅರ್ಜಿ ಹಾಕಬಹುದಿತ್ತು. ಆದರೆ ಪದವಿ ಕೈಗೆ ಬರುವ ತನಕ 55,000 ಬದಲು 35,000 ಕೊಡುತ್ತಿದ್ದರು. ಐಐಎಸ್‌ಸಿಯಂಥ ಕಡೆ ಪ್ರಬಂಧದಿಂದ ವೈವಾಕ್ಕೆ ಹೋಗುವ ದಾರಿ ಸಲೀಸು. ಬೋಧಕ ಸಿಬ್ಬಂದಿಯೂ ಕಚೇರಿ ಸಿಬ್ಬಂದಿಯೂ ಸಾಲದ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷಕರ ಪಟ್ಟಿ, ಅನುಮೋದನೆ, ವರದಿ, ಮತ್ತೆ ಅನುಮೋದನೆ ಅಂತ ತಿಂಗಳುಗಟ್ಟಲೆ ಎಳೆಯುತ್ತದೆ. ಆ ತಡದ ಬೆಲೆ ತಿಂಗಳಿಗೆ 20,000 ರೂಪಾಯಿ. ಕಟ್ಟುವುದು ವಿದ್ಯಾರ್ಥಿ.

ವಯಸ್ಸಿನ ಬದಲು ಬೇರೆ ಅಳತೆ ಇಟ್ಟುಕೊಂಡವರಿದ್ದಾರೆ. ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ನಲ್ಲಿ ನಿಮ್ಮ ವಯಸ್ಸು ಎಷ್ಟು ಅಂತ ಯಾರೂ ಕೇಳುವುದಿಲ್ಲ. ಪಿಎಚ್‌ಡಿ ಆದ ಮೇಲೆ ಎಂಟು ವರ್ಷಕ್ಕಿಂತ ಜಾಸ್ತಿ ಸಂಶೋಧನೆಯ ಅನುಭವ ಇರಬಾರದು, ಅಷ್ಟೇ. ಕೆಲಸ ಬಿಟ್ಟು ಮನೆಯಲ್ಲಿದ್ದ ಕಾಲ ಆ ಎಂಟರಲ್ಲಿ ಸೇರುವುದಿಲ್ಲ. ನಮ್ಮಲ್ಲೂ ಆರೋಗ್ಯ, ಜೀವವಿಜ್ಞಾನದ ಸಂಶೋಧನೆಗೆ ನೆರವಾಗುವ ಹೈದರಾಬಾದಿನ ಇಂಡಿಯಾ ಅಲಯನ್ಸ್ ಸಂಸ್ಥೆ ಕೊಡುವ ಫೆಲೋಶಿಪ್‌ಗಳಿಗೆ ವಯಸ್ಸಿನ ಮಿತಿ ಇಲ್ಲ. ಶಾಲೆಗೆ ತಡವಾಗಿ ಸೇರಿದವರನ್ನು, ಮಧ್ಯೆ ದುಡಿಯಲು ಹೋದವರನ್ನು ಈ ಲೆಕ್ಕ ದಂಡಿಸುವುದಿಲ್ಲ. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದಾದ ಬದಲಾವಣೆ ಇದು.

ಹೋಸ್ಟ್ ಪತ್ರ ಅನ್ನುವ ಕಾಣದ ಬಾಗಿಲು

ಬಹುಪಾಲು ಪೋಸ್ಟ್‌ಡಾಕ್ ಅರ್ಜಿಗೆ ಬೇಕಾದ ಮೊದಲ ಕಾಗದ ಹೋಸ್ಟ್ ಮೆಂಟರ್ ಒಪ್ಪಿಗೆ ಪತ್ರ. ‘ಇವರು ನನ್ನ ಲ್ಯಾಬಿನಲ್ಲಿ ಕೆಲಸ ಮಾಡಲು ನನ್ನ ಒಪ್ಪಿಗೆ ಇದೆ’ ಅಂತ ಒಬ್ಬ ಪ್ರಾಧ್ಯಾಪಕರು ಸಹಿ ಹಾಕಬೇಕು, ಸಂಸ್ಥೆ ಸೀಲು ಒತ್ತಬೇಕು. ಯಾವ ಮೀಸಲಾತಿಯೂ ಈ ಪತ್ರಕ್ಕೆ ತಾಗುವುದಿಲ್ಲ.

ಶಂಕರಘಟ್ಟದಲ್ಲೋ ಕಲಬುರಗಿಯಲ್ಲೋ ಪಿಎಚ್‌ಡಿ ಮಾಡಿದವರು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಇಮೇಲ್ ಬರೆಯುತ್ತಾರೆ. ಉತ್ತರ ಬರುವುದಿಲ್ಲ. ಮತ್ತೆ ಬರೆಯುತ್ತಾರೆ. ಅದೇ ಲ್ಯಾಬಿನ ಹಳೆಯ ವಿದ್ಯಾರ್ಥಿಯ ಪರಿಚಯ ಇರುವವರಿಗೆ ಒಂದು ಫೋನ್ ಕರೆಯಲ್ಲಿ ಕೆಲಸ ಆಗುತ್ತದೆ. ಇದರಲ್ಲಿ ಯಾರೂ ಬೇಕೆಂದೇ ಅನ್ಯಾಯ ಮಾಡಿರಬೇಕಾಗಿಲ್ಲ. ಪ್ರಾಧ್ಯಾಪಕರ ಇನ್‌ಬಾಕ್ಸ್ ತುಂಬಿರುತ್ತದೆ, ಗೊತ್ತಿರುವ ಹೆಸರು ಕಣ್ಣಿಗೆ ಬೀಳುತ್ತದೆ. ಹೀಗೆ ಗೊತ್ತಿರುವವರೇ ಗೊತ್ತಿರುವವರನ್ನು ಕರೆದುಕೊಂಡು ಹೋಗುತ್ತಾರೆ. ಫೆಲೋಶಿಪ್ ಆಯ್ಕೆ ಸಮಿತಿಯ ಮುಂದೆ ಅರ್ಜಿ ಬರುವ ಮೊದಲೇ ಅರ್ಧ ಆಯ್ಕೆ ಮುಗಿದುಹೋಗಿರುತ್ತದೆ.

ಹೋಸ್ಟ್ ಜೊತೆಗೆ ವಿಷಯವೂ ಬರುತ್ತದೆ. ಅಮೆರಿಕದಲ್ಲಿ ಈ ಬಗ್ಗೆ ಒಳ್ಳೆಯ ಅಧ್ಯಯನಗಳು ನಡೆದಿವೆ. ಅಲ್ಲಿನ ಆರೋಗ್ಯ ಸಂಶೋಧನೆಯ ದೊಡ್ಡ ಸಂಸ್ಥೆ ಎನ್‌ಐಎಚ್‌ಗೆ ಬಂದ ಅನುದಾನದ ಅರ್ಜಿಗಳನ್ನು ನೋಡಿ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಓದು, ತರಬೇತಿ, ಪ್ರಕಟಣೆ ಎಲ್ಲ ಸರಿಸಮಾನ ಮಾಡಿ ನೋಡಿದರೂ ಕಪ್ಪುವರ್ಣೀಯ ಅರ್ಜಿದಾರರಿಗೆ ಹಣ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾಂಶ ಕಡಿಮೆ ಇತ್ತು. 2019ರಲ್ಲಿ ಇನ್ನೊಂದು ಅಧ್ಯಯನ ಒಂದು ಕಾರಣ ಹುಡುಕಿತು. ಕಪ್ಪುವರ್ಣೀಯ ಸಂಶೋಧಕರು ಸಮುದಾಯದ ಆರೋಗ್ಯ, ಜನರ ನಡುವಿನ ಆರೋಗ್ಯದ ಅಂತರ ಇಂಥ ವಿಷಯಗಳನ್ನು ಹೆಚ್ಚು ಆರಿಸಿಕೊಳ್ಳುತ್ತಿದ್ದರು. ಆ ವಿಷಯಗಳಿಗೇ ಹಣ ಕಡಿಮೆ ಸಿಗುತ್ತಿತ್ತು. ಅಂತರದ ಐದನೇ ಒಂದಕ್ಕಿಂತ ಹೆಚ್ಚು ಭಾಗ ಇದರಿಂದಲೇ ಬಂದಿತ್ತು.

ನಮ್ಮಲ್ಲಿ ಇದು ಇನ್ನೂ ನೇರವಾಗಿ ನಡೆದಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ಕೊಡುವ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ ನಿಯಮವನ್ನು 2022ರಲ್ಲಿ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಈ ಹಣ ಇಲ್ಲ ಅಂದರು. ಜಾತಿಯ ಬಗ್ಗೆ ಅಧ್ಯಯನ ಮಾಡಲು ಹೊರಟ ದಲಿತ ವಿದ್ಯಾರ್ಥಿಗೆ ಆ ಬಾಗಿಲು ಅಲ್ಲಿಗೆ ಮುಚ್ಚಿತು. ಇದು ಮಾಸ್ಟರ್ಸ್, ಪಿಎಚ್‌ಡಿ ಹಂತದ ಯೋಜನೆ ನಿಜ. ಆದರೆ ಪಿಎಚ್‌ಡಿಯಲ್ಲಿ ಆರಿಸಿಕೊಳ್ಳಲಾಗದ ವಿಷಯದಲ್ಲಿ ಪೋಸ್ಟ್‌ಡಾಕ್ ಮಾಡುವುದು ಯಾರಿಂದಲೂ ಆಗುವುದಿಲ್ಲ, ಅಲ್ವಾ? ಬುಡಕಟ್ಟು ವಿದ್ಯಾರ್ಥಿಗಳಿಗೆ ಬೇರೆಯದೇ ಆದ ಓವರ್‌ಸೀಸ್ ಯೋಜನೆ ಇದೆ. ಅದು ಪೋಸ್ಟ್‌ಡಾಕ್ ಸಂಶೋಧನೆಗೂ ಹಣ ಕೊಡುತ್ತದೆ. ವರ್ಷಕ್ಕೆ ಇಡೀ ದೇಶಕ್ಕೆ 20 ಸೀಟು.

ಹಣ ಬರುವ ದಾರಿ

ಸೆಲೆಕ್ಷನ್ ಲಿಸ್ಟ್‌ನಲ್ಲಿ ಹೆಸರು ಬಂತು ಅಂದುಕೊಳ್ಳಿ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಆಮೇಲೆ ಏನಾಗುತ್ತದೆ ಅನ್ನುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಮೊದಲು ಸ್ಯಾಂಕ್ಷನ್ ಆರ್ಡರ್ ಬರಬೇಕು. ಅದು ಬಂದ ಮೇಲೆ ಸಂಸ್ಥೆಗೆ ಹೋಗಿ ಜಾಯಿನಿಂಗ್ ರಿಪೋರ್ಟ್ ಕೊಡಬೇಕು. ಯುಜಿಸಿ ಫೆಲೋಶಿಪ್‌ಗಳ ಹಣ ಕೆನರಾ ಬ್ಯಾಂಕ್ ಪೋರ್ಟಲ್ ಮೂಲಕ ನೇರ ಖಾತೆಗೆ ಬರುತ್ತದೆ. ಆ ಪೋರ್ಟಲ್‌ನಲ್ಲಿ ಪ್ರತಿ ಸಂಸ್ಥೆಗೂ ಒಬ್ಬ ‘ಮೇಕರ್’, ಒಬ್ಬ ‘ಚೆಕರ್’ ಇರುತ್ತಾರೆ. ಮೇಕರ್ ನಿಮ್ಮ ವಿವರ ತುಂಬಬೇಕು, ಚೆಕರ್ ಸರಿ ಅನ್ನಬೇಕು. ಒಂದು ಸಲ ಮಾಡಿ ಮುಗಿಯುವ ಕೆಲಸವಲ್ಲ. ನೀವು ಕೆಲಸದಲ್ಲಿದ್ದೀರಿ ಅಂತ ಪ್ರತಿ ತಿಂಗಳೂ ಖಚಿತಪಡಿಸಬೇಕು. ಮೇಕರ್ ಅಂದರೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಇನ್ನೂ ಹತ್ತು ಕೆಲಸ ಇರುವ ಒಬ್ಬ ಸಿಬ್ಬಂದಿ. ಅವರು ರಜೆ ಹಾಕಿದರೆ, ವರ್ಗವಾಗಿ ಹೋಗಿ ಹೊಸಬರಿಗೆ ಲಾಗಿನ್ ಸಿಗದಿದ್ದರೆ, ಆ ತಿಂಗಳ ಹಣ ನಿಲ್ಲುತ್ತದೆ. ಹಾಗಾಗಿ ಫೆಲೋಗಳು ತಿಂಗಳ ಕೊನೆಗೆ ಲ್ಯಾಬ್ ಬಿಟ್ಟು ಆ ಕಚೇರಿಯ ಮುಂದೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ.

ಬೇರೆ ಏಜೆನ್ಸಿಗಳ ಹಣ ಸಂಸ್ಥೆಯ ಖಾತೆ ಮೂಲಕ ಬರುತ್ತದೆ. ಅಲ್ಲಿ ಬೇರೆ ಕಂಟಕ. ಮೊದಲ ವರ್ಷದ ಹಣ ಖರ್ಚಾದ ಲೆಕ್ಕಪತ್ರ, ಅಂದರೆ ಯುಸಿ, ಹೋಗಿ ತಲುಪದೆ ಎರಡನೇ ವರ್ಷದ ಕಂತು ಬಿಡುಗಡೆ ಆಗುವುದಿಲ್ಲ. ಯುಸಿಗೆ ಸಂಸ್ಥೆಯ ಲೆಕ್ಕಾಧಿಕಾರಿಯ ಸಹಿ ಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಏಪ್ರಿಲ್, ಮೇ, ಜೂನ್ ಸುಮ್ನೆ ಕಳೆಯುತ್ತದೆ. 2025ರಲ್ಲಿ ದೇಶದ ಇನ್‌ಸ್ಪೈರ್ ಫೆಲೋಗಳು ತಿಂಗಳುಗಟ್ಟಲೆ ಹಣ ಬಂದಿಲ್ಲ ಅಂತ ಬಹಿರಂಗವಾಗಿಯೇ ಹೇಳಿಕೊಂಡರು. ಇನ್‌ಸ್ಪೈರ್ ಪ್ರತಿಭೆ ನೋಡಿ ಕೊಡುವ ಪ್ರತಿಷ್ಠಿತ ಫೆಲೋಶಿಪ್. ಅವರ ಗತಿಯೇ ಹೀಗಾದರೆ ಉಳಿದವರದ್ದು ಊಹಿಸಿಕೊಳ್ಳಿ. ಅದೇ ವರ್ಷ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಆಯ್ಕೆಯಾದ 106 ಜನರಲ್ಲಿ ಮೊದಲಿಗೆ ತಾತ್ಕಾಲಿಕ ಪತ್ರ ಸಿಕ್ಕಿದ್ದು 40 ಜನರಿಗೆ. ಉಳಿದವರಿಗೆ ಹಣ ಇದ್ದರೆ ಕೊಡುತ್ತೇವೆ ಅಂದರು. ವಿದೇಶದ ವಿಶ್ವವಿದ್ಯಾಲಯ ಸೀಟು ಕೊಟ್ಟಿದೆ, ಸೆಪ್ಟೆಂಬರ್‌ಗೆ ತರಗತಿ ಶುರು, ಕೈಯಲ್ಲಿ ಹಣ ಬರುವ ಭರವಸೆ ಇಲ್ಲ.

ಈ ಖಾಲಿ ತಿಂಗಳುಗಳನ್ನು ಯಾರು ತುಂಬುತ್ತಾರೆ? ಅಪ್ಪ ಬ್ಯಾಂಕ್ ಅಧಿಕಾರಿ ಆಗಿದ್ದರೆ ಅಪ್ಪ ತುಂಬುತ್ತಾರೆ. ಅಪ್ಪ ಕೂಲಿ ಮಾಡುತ್ತಿದ್ದರೆ, ಫೆಲೋಶಿಪ್ ಸಿಕ್ಕಿದ ಮಗಳೇ ಮನೆಗೆ ಹಣ ಕಳಿಸಬೇಕಾಗಿರುತ್ತದೆ. ನಾಲ್ಕು ತಿಂಗಳು ಹಣ ಬರದೇ ಇದ್ದಾಗ ಹತ್ತಿರದ ಕಾಲೇಜಿನ ಅತಿಥಿ ಉಪನ್ಯಾಸಕ ಹುದ್ದೆಗೆ ಕರೆ ಬಂದರೆ ಅವಳು ಏನು ಮಾಡಬೇಕು? ಬಹಳ ಜನ ಹೋಗುತ್ತಾರೆ. ಕಡತದಲ್ಲಿ ಅದು ‘ಅಭ್ಯರ್ಥಿ ರಾಜೀನಾಮೆ ನೀಡಿದ್ದಾರೆ’ ಅಂತ ದಾಖಲಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಸೇರಿದ ದಿನವೇ ಮೂರು ತಿಂಗಳ ಹಣ ಮುಂಗಡ ಕೊಡಬಹುದು. ಕೇಂದ್ರದ ಕಂತು ಬರುವ ತನಕ ಸಂಸ್ಥೆಯೇ ತನ್ನ ನಿಧಿಯಿಂದ ಕೊಟ್ಟು ಆಮೇಲೆ ವಜಾ ಮಾಡಿಕೊಳ್ಳಬಹುದು. ಓವರ್‌ಹೆಡ್ ಅಂತ ಸಂಸ್ಥೆಗೆ ಹೋಗುವ ಹಣದ ಒಂದು ಭಾಗವನ್ನು ಇದಕ್ಕೇ ಎತ್ತಿಡಿ ಅಂತ ನಿಯಮ ಮಾಡಬಹುದು. ದುಡ್ಡಿರುವ ಸಂಸ್ಥೆಗಳು ಮನಸ್ಸು ಮಾಡಿದರೆ ಇವತ್ತೇ ಶುರು ಮಾಡಬಹುದು.

ಬಿಟ್ಟು ಬಂದವರಿಗೆ ಮರಳುವ ದಾರಿ

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ದೇಶ ಒಂದು ಒಳ್ಳೆಯ ಪ್ರಯೋಗ ಮಾಡಿದೆ, ಅದನ್ನು ಹೇಳಲೇಬೇಕು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002–03ರಲ್ಲಿ ವಿಮೆನ್ ಸೈಂಟಿಸ್ಟ್ ಸ್ಕೀಮ್ ಶುರು ಮಾಡಿತು. ಮದುವೆ, ಮಕ್ಕಳು, ಗಂಡನ ವರ್ಗಾವಣೆ ಅಂತ ಕೆಲಸ ಬಿಟ್ಟ ವಿಜ್ಞಾನಿಗಳು ವಾಪಸ್ ಬರಲಿ ಅನ್ನುವುದು ಉದ್ದೇಶ. ವಯಸ್ಸಿನ ಮಿತಿಯನ್ನು 57ರ ತನಕ ಇಟ್ಟರು. ಅರ್ಜಿದಾರಳೇ ತನ್ನ ಯೋಜನೆಯ ಮುಖ್ಯ ಸಂಶೋಧಕಿ. ಬೇರೊಬ್ಬರ ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿ ಸೇರಬೇಕಿಲ್ಲ. 2011ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಬಯೋಕೇರ್ ಅನ್ನುವ ಇಂಥದೇ ಯೋಜನೆ ತಂದಿತು. ಈಗ ವೈಸ್-ಕಿರಣ್ ಹೆಸರಿನ ಛತ್ರಿಯ ಕೆಳಗೆ ಹೆಣ್ಣುಮಕ್ಕಳಿಗೆಂದೇ ಪಿಎಚ್‌ಡಿ, ಪೋಸ್ಟ್‌ಡಾಕ್ ಫೆಲೋಶಿಪ್‌ಗಳು ಬೇರೆ ಬೇರೆಯಾಗಿ ಇವೆ.

ಕೆಲಸದಲ್ಲಿ ಬಿದ್ದ ಬಿರುಕನ್ನು ಅನರ್ಹತೆ ಅಂತ ನೋಡದೆ ಅರ್ಹತೆಯ ಷರತ್ತನ್ನಾಗಿಯೇ ಮಾಡಿದ್ದು ಇದರ ದೊಡ್ಡತನ. ಕೊರತೆ ಇರುವುದು ಅದು ಮುಗಿಯುವ ಜಾಗದಲ್ಲಿ. ಮೂರು ವರ್ಷ ಪ್ರಾಜೆಕ್ಟ್ ನಡೆಸಿ, ಪ್ರಬಂಧ ಬರೆದು, 45ರ ವಯಸ್ಸಿನಲ್ಲಿ ಅವಳು ಮತ್ತೆ ಅದೇ ಪ್ರಶ್ನೆಯ ಮುಂದೆ ನಿಲ್ಲುತ್ತಾಳೆ: ಮುಂದೆ ಎಲ್ಲಿ? ಸಂಸ್ಥೆ ಅವಳಿಗೆ ಬೆಂಚು ಕೊಟ್ಟಿತ್ತು, ಹುದ್ದೆ ಕೊಟ್ಟಿರಲಿಲ್ಲ.

ಫೆಲೋಶಿಪ್‌ನ ಆಚೆ ತುದಿ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇಲ್ಲಿ ನಮಗೆ ಕಲಿಸುವಂಥದ್ದು ಇದೆ. 1984ರಲ್ಲಿ ಅದು ಪ್ರೆಸಿಡೆಂಟ್ಸ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಅಂತ ಒಂದು ಯೋಜನೆ ಶುರು ಮಾಡಿತು. ಹೆಣ್ಣುಮಕ್ಕಳು, ಅಲ್ಪಸಂಖ್ಯಾತ ಜನಾಂಗದವರು ಪ್ರಾಧ್ಯಾಪಕರಾಗಲಿ ಅನ್ನುವುದು ಗುರಿ. ಸ್ಟೈಪೆಂಡ್, ಮೆಂಟರ್ ಎಲ್ಲ ಇದ್ದೇ ಇತ್ತು. ಅದರ ಶಕ್ತಿ ಇದ್ದದ್ದು ಆಮೇಲಿನ ಭಾಗದಲ್ಲಿ. ಈ ಫೆಲೋಗಳನ್ನು ವಿಶ್ವವಿದ್ಯಾಲಯದ ಯಾವುದೇ ಕ್ಯಾಂಪಸ್ಸಿನ ವಿಭಾಗ ಮುಂದೆ ಕಾಯಂ ಆಗಬಹುದಾದ ಪ್ರಾಧ್ಯಾಪಕ ಹುದ್ದೆಗೆ ತೆಗೆದುಕೊಂಡರೆ, ಮೊದಲ ಐದು ವರ್ಷದ ಸಂಬಳದ ಒಂದು ಪಾಲನ್ನು ಕೇಂದ್ರ ಕಚೇರಿ ಕೊಡುತ್ತಿತ್ತು. ದೇಶವ್ಯಾಪಿ ಹುಡುಕಾಟದ ಪ್ರಕ್ರಿಯೆ ಬಿಟ್ಟು ನೇರ ತೆಗೆದುಕೊಳ್ಳಲೂ ಅವಕಾಶ ಇತ್ತು. ‘ನಮ್ಮ ಬಜೆಟ್‌ನಲ್ಲಿ ಹುದ್ದೆ ಇಲ್ಲ’ ಅನ್ನುವ ವಿಭಾಗದ ಮುಖ್ಯಸ್ಥರಿಗೆ ಆ ಮಾತು ಹೇಳಲು ಕಾರಣವೇ ಉಳಿಯುವುದಿಲ್ಲ.

1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 209 ಒಪ್ಪಿ, ಸಾರ್ವಜನಿಕ ಸಂಸ್ಥೆಗಳು ಜನಾಂಗ, ಲಿಂಗ ನೋಡಿ ಆದ್ಯತೆ ಕೊಡುವಂತಿಲ್ಲ ಅಂದರು. ಯೋಜನೆ ನಿಲ್ಲಲಿಲ್ಲ, ಮಾನದಂಡ ಬದಲಾಯಿತು. ನೀವು ಯಾರು ಅನ್ನುವುದರ ಬದಲು, ಅವಕಾಶ ಸಿಗದವರನ್ನು ಒಳಗೆ ತರಲು ನಿಮ್ಮ ಸಂಶೋಧನೆ, ಪಾಠ, ಸೇವೆಯಿಂದ ಏನು ಮಾಡಿದ್ದೀರಿ ಅಂತ ಕೇಳತೊಡಗಿದರು.

ಎನ್‌ಐಎಚ್ 2006ರಲ್ಲಿ ತಂದ ಕೆ99/ಆರ್00 ಅನ್ನುವ ಅನುದಾನವೂ ಇದೇ ಯೋಚನೆಯದ್ದು. ಮೊದಲ ಎರಡು ವರ್ಷ ಪೋಸ್ಟ್‌ಡಾಕ್ ಆಗಿ, ಪ್ರಾಧ್ಯಾಪಕ ಹುದ್ದೆ ಸಿಕ್ಕ ಮೇಲೆ ಇನ್ನೂ ಮೂರು ವರ್ಷ ಸ್ವಂತ ಲ್ಯಾಬಿಗೆ. ಹಣ ಸಂಶೋಧಕರ ಜೊತೆಗೇ ಹೋಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗ ಪೋಸ್ಟ್‌ಡಾಕ್‌ಗಳು ಇದನ್ನು ಗಮನಿಸಬೇಕು, ಯಾಕೆಂದರೆ ಎನ್‌ಐಎಚ್‌ನ ಹೆಚ್ಚಿನ ತರಬೇತಿ ಫೆಲೋಶಿಪ್‌ಗಳಿಗೆ ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು, ಕೆ99ಗೆ ಬೇಡ. ಕಡಿಮೆ ಪ್ರಾತಿನಿಧ್ಯದ ಗುಂಪು ಅಂತ ಎನ್‌ಐಎಚ್ ಗುರುತಿಸಿದ ಪಟ್ಟಿಯಲ್ಲಿ ಕಪ್ಪುವರ್ಣೀಯರು, ಲ್ಯಾಟಿನೊಗಳು, ಮೂಲನಿವಾಸಿಗಳು, ಅಂಗವಿಕಲರು, ಬಡ ಹಿನ್ನೆಲೆಯವರು ಇದ್ದರು. ಭಾರತೀಯರು ಏಷ್ಯನ್ನರ ಲೆಕ್ಕದಲ್ಲಿ ಬರುತ್ತಾರೆ, ಹಾಗಾಗಿ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಹೋದ ದಲಿತ ಸಂಶೋಧಕ ಕೂಡ ಬರೀ ‘ಏಷ್ಯನ್’. ಜಾತಿಯನ್ನು ಕಾಣುವ ಕಣ್ಣು ಆ ಪಟ್ಟಿಗೆ ಇರಲಿಲ್ಲ.

ಈಗ ಅಲ್ಲಿ ಗಾಳಿ ತಿರುಗಿದೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ತಳ್ಳಿಹಾಕಿತು. 2025ರ ಜನವರಿಯಲ್ಲಿ ಹೊಸ ಸರ್ಕಾರ ವೈವಿಧ್ಯದ ಕಾರ್ಯಕ್ರಮಗಳನ್ನು ನಿಲ್ಲಿಸಲು ಆದೇಶ ಹೊರಡಿಸಿತು. ಕಡಿಮೆ ಪ್ರಾತಿನಿಧ್ಯದ ಪೋಸ್ಟ್‌ಡಾಕ್‌ಗಳಿಗೆಂದೇ ಕೆ99 ಮಾದರಿಯಲ್ಲಿ ಕಟ್ಟಿದ್ದ ಮೊಸಾಯಿಕ್ ಯೋಜನೆಯನ್ನು ಎನ್‌ಐಎಚ್ ಅದೇ ವರ್ಷ ಮುಚ್ಚಿತು. ದಶಕಗಳಿಂದ ಇಂಥ ಸಂಶೋಧಕರಿಗೆ ಹಣ ಕೊಡುತ್ತಿದ್ದ ಫೋರ್ಡ್ ಫೌಂಡೇಶನ್ ಫೆಲೋಶಿಪ್ ಅದಕ್ಕೂ ಮೊದಲೇ ಮುಕ್ತಾಯ ಘೋಷಿಸಿತ್ತು. ಮಧ್ಯದಲ್ಲಿ ಹಣ ನಿಂತ ಯುವ ಸಂಶೋಧಕರು ಅಲ್ಲೂ ಖಾಲಿ ತಿಂಗಳುಗಳನ್ನು ಎಣಿಸುತ್ತಿದ್ದಾರೆ.

ನಮ್ಮಲ್ಲಿ ಆ ಮಟ್ಟಿಗೆ ಸಂವಿಧಾನ ಕೈ ಹಿಡಿದಿದೆ. ಕೇಂದ್ರೀಯ ಸಂಸ್ಥೆಗಳ ಬೋಧಕ ಹುದ್ದೆಗಳಿಗೆ ಮೀಸಲಾತಿ ಖಚಿತಪಡಿಸುವ ಕಾಯ್ದೆ 2019ರಲ್ಲಿ ಬಂತು. ಇಡೀ ವಿಶ್ವವಿದ್ಯಾಲಯವನ್ನು ಒಂದು ಘಟಕ ಅಂತ ಹಿಡಿದು ಲೆಕ್ಕ ಹಾಕಬೇಕು ಅಂದಿತು. ಆದರೆ ಅದೇ ಕಾಯ್ದೆಯ ಅನುಬಂಧದಲ್ಲಿ ಕೆಲವು ಸಂಸ್ಥೆಗಳನ್ನು ಹೊರಗಿಟ್ಟರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಅದರಲ್ಲಿದೆ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇದೆ. ಪೋಸ್ಟ್‌ಡಾಕ್ ಮಾಡಲು ಅತ್ಯುತ್ತಮ ಅನ್ನಿಸುವ ಜಾಗಗಳಲ್ಲಿ ಕೆಲವು ಹೀಗೆ ಆ ಕಾಯ್ದೆಯ ಆಚೆ ಇವೆ. ಫೆಲೋಶಿಪ್ ಕೊಡುವ ಇಲಾಖೆ ಒಂದು, ಹುದ್ದೆ ತುಂಬುವ ಸಂಸ್ಥೆ ಇನ್ನೊಂದು. ಎರಡಕ್ಕೂ ಮಾತುಕತೆ ಇಲ್ಲ. ಪರಿಶಿಷ್ಟರ ಬ್ಯಾಕ್‌ಲಾಗ್ ಹುದ್ದೆ ಖಾಲಿ ಇರುವ ವಿಭಾಗಕ್ಕೇ ಫೆಲೋವನ್ನು ಕಳಿಸಿ, ಎರಡು ವರ್ಷ ಕೆಲಸ ನೋಡಿ ಅದೇ ಹುದ್ದೆಗೆ ಪರಿಗಣಿಸಿ ಅಂತ ಒಂದು ನಿಯಮ ಬಂದರೆ, ‘ಅರ್ಹರು ಸಿಗುತ್ತಿಲ್ಲ’ ಅನ್ನುವ ಷರಾ ಎಷ್ಟು ಕಡತಗಳಿಂದ ಮಾಯವಾಗುತ್ತಿತ್ತು!

ಅರ್ಜಿ ಹಾಕುವವರಿಗೆ

ಈ ವರ್ಷ ಅರ್ಜಿ ಹಾಕುವ ಯೋಚನೆ ಇದ್ದರೆ ಸರ್ಟಿಫಿಕೇಟ್‌ನಿಂದ ಶುರು ಮಾಡಿ. ಕರ್ನಾಟಕದವರು ಎಡವುವುದು ಇಲ್ಲೇ. ನಮ್ಮಲ್ಲಿರುವ ಪ್ರವರ್ಗ 1, 2ಎ, 2ಬಿ, 3ಎ, 3ಬಿ ರಾಜ್ಯದ ಪಟ್ಟಿ. ಕೇಂದ್ರದ ಫೆಲೋಶಿಪ್‌ಗೆ ಬೇಕಾದದ್ದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಜಾತಿಗಳಿವೆ. ಎರಡರಲ್ಲೂ ಇದ್ದರೂ ತಹಶೀಲ್ದಾರರಿಂದ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಒಕ್ಕಣೆಯೊಂದಿಗೆ, ಹೊಸ ದಿನಾಂಕದ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ‘ಕೇಂದ್ರ ಸರ್ಕಾರದ ನಮೂನೆ’ ಅಂತ ಬಾಯಿಬಿಟ್ಟು ಹೇಳಿ. ಅಂಗವಿಕಲರಿಗೆ ಶೇ 40 ಅಥವಾ ಹೆಚ್ಚು ಅಂತ ನಮೂದಾದ ಯುಡಿಐಡಿ ಕಾರ್ಡ್ ಬೇಕಾಗುತ್ತದೆ.

ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ ಅಂತ ಪ್ರಕಟಣೆಯಲ್ಲಿ ಹುಡುಕಿ. ಸಾಮಾನ್ಯವಾಗಿ ಅರ್ಜಿಯ ಕೊನೆಯ ದಿನ ಇರುತ್ತದೆ, ಯಾವಾಗಲೂ ಅಲ್ಲ. ಹೆರಿಗೆ ರಜೆ ತೆಗೆದುಕೊಂಡರೆ ಫೆಲೋಶಿಪ್ ಅವಧಿ ಅಷ್ಟು ತಿಂಗಳು ಮುಂದಕ್ಕೆ ಹೋಗುತ್ತದಾ, ಇಲ್ಲಾ ಅಲ್ಲೇ ಕರಗುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಹೋಸ್ಟ್‌ಗೆ ಬರೆಯುವ ಇಮೇಲ್‌ನಲ್ಲಿ ನಿಮ್ಮ ಬಯೋಡೇಟಾಕ್ಕಿಂತ ಅವರ ಇತ್ತೀಚಿನ ಒಂದು ಪ್ರಬಂಧದ ಬಗ್ಗೆ ನಿಮಗಿರುವ ಪ್ರಶ್ನೆ ಮೊದಲು ಬರಲಿ. ಒಬ್ಬರಿಗೇ ಬರೆದು ಕಾಯಬೇಡಿ.

ಸೇರುವ ಮೊದಲು ಆ ಸಂಸ್ಥೆಯಲ್ಲಿ ಈಗಾಗಲೇ ಇರುವ ಫೆಲೋ ಒಬ್ಬರನ್ನು ಹುಡುಕಿ ಮಾತಾಡಿ. ಎರಡು ಪ್ರಶ್ನೆ ಸಾಕು: ಮೊದಲ ಹಣ ಬರಲು ಎಷ್ಟು ತಿಂಗಳಾಯಿತು, ಆ ತನಕ ಸಂಸ್ಥೆ ಏನಾದರೂ ಮುಂಗಡ ಕೊಟ್ಟಿತಾ. ಕೊಡುವ ಪದ್ಧತಿ ಇದ್ದರೆ ಅದಕ್ಕೆ ಯಾರಿಗೆ ಅರ್ಜಿ ಬರೆಯಬೇಕು ಅಂತ ಅವರಿಂದಲೇ ತಿಳಿದುಕೊಂಡು, ಜಾಯಿನಿಂಗ್ ರಿಪೋರ್ಟ್ ಕೊಡುವ ದಿನವೇ ಆ ಅರ್ಜಿಯನ್ನೂ ಕೊಡಿ. ಇಲ್ಲದಿದ್ದರೂ ಬರೆದು ಕೊಡಿ, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.